ಛತ್ರದ ಬಾಗಿಲಲ್ಲಿ

ಒಮ್ಮೆ ಮೈಸೂರಿನಲ್ಲಿ ಮಳೆಗೆ ಸಿಕ್ಕಿ ಒಂದು ಛತ್ರದ ಜಗಲಿಯನ್ನೇರಿದೆ. ಒಳಗೆ ಮದುವೆಯ ಓಲಗ. ಬಾಗಿಲಲ್ಲಿದ್ದ ಹಿರಿಯರೊಬ್ಬರು, “ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?” ಎಂದು ವಿಚಾರಿಸಿದರು.

ಛತ್ರ ಹುಟ್ಟಿದ್ದೇ ಯಾವ ಕಡೆಗೂ ಸೇರದವರಿಗಾಗಿ. ನಮ್ಮ ಶಾಸನಗಳು ‘ಸತ್ರ’ವೆಂದು ಕರೆದದ್ದು ದಾರಿಹೋಕರಿಗೆ ಅನ್ನವಿಕ್ಕುವ ಮನೆಯನ್ನು, ಅರವಟ್ಟಿಗೆ ಅದರ ತಂಗಿ. ಶ್ರೀರಂಗಪಟ್ಟಣದಿಂದ ಮೈಸೂರನ್ನು ಹಾದು, 1735ರಲ್ಲಿ ಕಪಿಲೆಗೆ ಕಟ್ಟಿದ ಸೇತುವೆಯನ್ನು ದಾಟಿ ನಂಜನಗೂಡಿಗೆ, ಅಲ್ಲಿಂದ ಗುಂಡ್ಲುಪೇಟೆಗೆ ಸಾಗುವ ಎತ್ತಿನ ಗಾಡಿಗೆ ದಿನವೊಂದಕ್ಕೆ ಕೆಲವೇ ಹರದಾರಿಯ ಪಯಣ. ಕತ್ತಲಾದೊಡನೆ ಸೂರು ಬೇಕು, ಕೊಳ ಬೇಕು, ತುತ್ತು ಅನ್ನ ಬೇಕು. ಪಂಕ್ತಿಭೇದ ಎಷ್ಟೋ ಛತ್ರಗಳಲ್ಲಿ ಕಟುವಾಗಿತ್ತೆಂಬುದನ್ನು ಮರೆಯಲಾಗದು. ಆದರೂ ತಿಥಿ ತಿಳಿಸದೆ ಬಂದವನೇ ಅತಿಥಿ ಎಂಬ ಮಾತಿಗೆ ಅಲ್ಲಿ ಅರ್ಥವಿತ್ತು.

1882ರಲ್ಲಿ ಮೈಸೂರಿಗೆ ರೈಲು ಬಂತು. ಬರಬರುತ್ತ ಬಸ್ಸು, ಹೋಟೆಲು ಬಂದವು. ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರದಲ್ಲಿ ಈಗ ಮಾರಾಟದ ಮೇಳಗಳು ನಡೆಯುತ್ತವೆ; ಊರಿನಲ್ಲಿ ಛತ್ರವೆಂದರೆ ಲಗ್ನಕ್ಕೆ ಬಾಡಿಗೆಗೆ ದೊರೆಯುವ ಮನೆ. ಕರೆಯದೆ ಬಂದವನ ಆಸರೆ ಕರೆಯೋಲೆ ಪಡೆದವನದಾಯಿತು.

ಹಿರಿಯರು ಉತ್ತರಕ್ಕೆ ಕಾದಿದ್ದರು. “ದಾರಿಯ ಕಡೆಯವನು” ಎಂದೆ.

ಅವರು ನಕ್ಕರು. “ಹಾಗಾದರೆ ಮೊದಲು ತಮಗೇ ಎಲೆ ಹಾಕಿಸಬೇಕು, ಬನ್ನಿ” ಎಂದು ಒಳಗೆ ಕರೆದೊಯ್ದರು.