ಸಮೀಕರಣಕ್ಕೆ ಮುನ್ನ ಬೀಕರಿನಲ್ಲಿ ಏನಿದೆ?

ನಿವ್ವಳ ಅಯಾನಿಕ ಸಮೀಕರಣವನ್ನು ಅಭ್ಯಾಸ ಬೋಧನೆಯಲ್ಲಿ ನಾನು ನಿಯಮದಿಂದಲ್ಲ, ಹತ್ತನೇ ತರಗತಿಯ ಪರಿಚಿತ ಪ್ರಯೋಗದಿಂದ ಆರಂಭಿಸುತ್ತೇನೆ. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಸೇರಿಸಿದರೆ ಬಿಳಿ ಪ್ರಕ್ಷೇಪ ಬರುತ್ತದೆ. ಎರಡು ದ್ರಾವಣಗಳಲ್ಲಿ ಇದ್ದದ್ದು ನಾಲ್ಕು ಬಗೆಯ ಅಯಾನುಗಳು. ಸೋಡಿಯಂ, ಕ್ಲೋರೈಡ್ ಕೊನೆಗೂ ಹಾಗೆಯೇ ನೀರಿನಲ್ಲಿರುತ್ತವೆ. ಅವು ಪ್ರೇಕ್ಷಕ ಅಯಾನುಗಳು. ಎರಡೂ ಕಡೆ ಹೊಡೆದುಹಾಕಿದರೆ ಉಳಿಯುವುದು:

ಬೇರಿಯಂ ಅಯಾನು (2+) + ಸಲ್ಫೇಟ್ ಅಯಾನು (2−) → ಬೇರಿಯಂ ಸಲ್ಫೇಟ್ (ಘನ)

ಎರಡೂ ಕಡೆ ಒಟ್ಟು ವಿದ್ಯುದಾವೇಶ ಸೊನ್ನೆ. ಈ ತಾಳೆಯನ್ನು ಬಿಡಬಾರದು. ಬಳಿಕ ಪೊಟ್ಯಾಸಿಯಂ ಸಲ್ಫೇಟ್, ಬೇರಿಯಂ ನೈಟ್ರೇಟ್ ಕೊಟ್ಟು ಬರೆಸಿ. ಅದೇ ಸಮೀಕರಣ ಬರುತ್ತದೆ! ಪ್ರೇಕ್ಷಕರು ಬದಲಾದರೂ ಕ್ರಿಯೆ ಒಂದೇ ಎಂಬುದು ಮಕ್ಕಳಿಗೆ ಇಲ್ಲಿ ಹೊಳೆಯುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಯ ಬೇಡುವುದು ‘ಕರಗಿದ್ದೆಲ್ಲ ಅಯಾನುಗಳಾಗುತ್ತದೆ’ ಎಂಬ ಸುಲಭ ಸೂತ್ರ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಆದರೂ ಬಹುಪಾಲು ಅಣುಗಳಾಗಿಯೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಜೊತೆಗಿನ ಕ್ರಿಯೆಯಲ್ಲಿ ಅದನ್ನು ಬಿಡಿಸದೆ ಬರೆಯಬೇಕು:

ಅಸಿಟಿಕ್ ಆಮ್ಲ + ಹೈಡ್ರಾಕ್ಸೈಡ್ ಅಯಾನು (1−) → ಅಸಿಟೇಟ್ ಅಯಾನು (1−) + ನೀರು

ಇಲ್ಲಿ ಹೊರಬೀಳುವುದು ಸೋಡಿಯಂ ಮಾತ್ರ. ಅಸಿಟೇಟನ್ನೂ ಹೊಡೆಯಲು ಹೊರಟ ವಿದ್ಯಾರ್ಥಿಗೆ ಕೇಳಬೇಕಾದದ್ದು ಇಷ್ಟೇ: ಎಡಗಡೆ ಅದು ಎಲ್ಲಿದೆ, ತೋರಿಸು.