ಮೊದಲ ಗಣಕ ಭಾಷೆ: ಆಯ್ಕೆ ಮತ್ತು ಕಲಿಕೆ

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 1960ರಲ್ಲಿ ಕಾರ್ಯಾರಂಭ ಮಾಡಿದ ‘ಟಿಫ್ರಾಕ್’, ನಮ್ಮ ದೇಶದಲ್ಲಿಯೇ ನಿರ್ಮಾಣವಾದ ಮೊದಮೊದಲ ಗಣಕಯಂತ್ರಗಳಲ್ಲಿ ಒಂದು. ಅದರಿಂದ ಕೆಲಸ ಮಾಡಿಸಬೇಕಾದವರು ಯಂತ್ರಕ್ಕೆ ಮಾತ್ರ ತಿಳಿಯುವ ಸಂಕೇತಗಳಲ್ಲಿ ಆದೇಶಗಳನ್ನು ಬರೆಯಬೇಕಾಗಿತ್ತು. ಆ ವಿದ್ಯೆ ಕೆಲವೇ ವಿಜ್ಞಾನಿಗಳಿಗೆ ಸೀಮಿತವಾಗಿತ್ತು. ಇಂದು ಅದೇ ಮಹಾನಗರದ ಕಾಲೇಜು ವಿದ್ಯಾರ್ಥಿಯಾಗಲಿ, ಉಪನಗರದ ಅಂಗಡಿಯ ಲೆಕ್ಕಿಗನಾಗಲಿ ಸಾಮಾನ್ಯ ಗಣಕವೊಂದರ ಮುಂದೆ ಕುಳಿತು ಕೆಲವು ವಾರಗಳಲ್ಲಿ ಉಪಯುಕ್ತವಾದ ಸಣ್ಣ ಕ್ರಮವಿಧಿಯೊಂದನ್ನು ಬರೆಯಬಲ್ಲರು. ಈ ಬದಲಾವಣೆಗೆ ನೆರವಾದವುಗಳಲ್ಲಿ ‘ಡೈನಾಮಿಕ್’ ವರ್ಗದ ಗಣಕ ಭಾಷೆಗಳು ಮುಖ್ಯವಾದವು. ಆದರೆ ಇವುಗಳಲ್ಲಿ ಯಾವುದನ್ನು ಕಲಿಯಬೇಕು, ಎಲ್ಲಿ ಕಲಿಯಬೇಕು ಎಂಬುದು ತಿಳಿಯದೆ ಶ್ರಮವನ್ನೂ ಹಣವನ್ನೂ ಕಳೆದುಕೊಳ್ಳುವ ಸಂಭವ ಉಂಟು.

ಡೈನಾಮಿಕ್ ಭಾಷೆ ಎಂದರೇನು?

‘ಸಿ’ಯಂತಹ ಭಾಷೆಯಲ್ಲಿ ಪ್ರತಿಯೊಂದು ಹೆಸರೂ ಸಂಖ್ಯೆಯನ್ನು ಸೂಚಿಸುತ್ತದೆಯೋ ಅಕ್ಷರಗಳನ್ನು ಸೂಚಿಸುತ್ತದೆಯೋ ಎಂಬುದನ್ನು ಮೊದಲೇ ಘೋಷಿಸಬೇಕು. ಕ್ರಮವಿಧಿ ನಡೆಯುವ ಮುನ್ನ ‘ಕಂಪೈಲರ್’ ಎಂಬ ತಂತ್ರಾಂಶವು ಅದನ್ನು ಪರಿಶೀಲಿಸುತ್ತದೆ. ಡೈನಾಮಿಕ್ ಭಾಷೆಗಳಲ್ಲಿ ಇಂತಹ ಘೋಷಣೆ ಕಡ್ಡಾಯವಲ್ಲ; ಬೆಲೆಯೊಂದರ ಜಾತಿ ಯಾವುದೆಂಬುದು ಕ್ರಮವಿಧಿ ನಡೆಯುವಾಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದೊಂದೇ ಸಾಲನ್ನು ಬರೆದು ಒಡನೆಯೇ ಉತ್ತರವನ್ನು ನೋಡಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ. 1991ರಲ್ಲಿ ಗೀಡೊ ವಾನ್ ರೋಸಮ್ ಬಿಡುಗಡೆ ಮಾಡಿದ ಪೈಥಾನ್, 1995ರಲ್ಲಿ ಬೆಳಕಿಗೆ ಬಂದ ಜಾವಾಸ್ಕ್ರಿಪ್ಟ್ ಮತ್ತು ರೂಬಿ, ಜಾಲತಾಣಗಳ ನಿರ್ಮಾಣದಲ್ಲಿ ಬಳಕೆಯಲ್ಲಿರುವ ಪಿ.ಎಚ್.ಪಿ. ಇವು ಈ ವರ್ಗಕ್ಕೆ ಸೇರಿವೆ.

ಅನುಕೂಲದೊಡನೆ ಎಚ್ಚರ

ಮಾಟುಂಗಾದ ಉಪಾಹಾರ ಗೃಹವೊಂದರ ಬಿಲ್ಲನ್ನು ಲೆಕ್ಕ ಹಾಕಬೇಕಾಗಿದೆ ಎಂದಿರಲಿ. ತಿಂಡಿಯ ಬೆಲೆ 40 ರೂಪಾಯಿ, ಪ್ಲೇಟುಗಳು 3. ಪೈಥಾನ್‌ನಲ್ಲಿ ‘ಇನ್‌ಪುಟ್’ ಎಂಬ ಆದೇಶದ ಮೂಲಕ ಬೆಲೆಯನ್ನು ಕೇಳಿ ಪಡೆದರೆ, ಬೆರಳಚ್ಚು ಮಾಡಿದ 40 ಎಂಬುದು ಸಂಖ್ಯೆಯಾಗಿ ಅಲ್ಲ, ಅಕ್ಷರಗಳಾಗಿ ಒಳಗೆ ಬರುತ್ತದೆ. ಅದನ್ನು 3ರಿಂದ ಗುಣಿಸಿದರೆ 120 ಬರುವುದಿಲ್ಲ. 40 ಎಂಬುದು ಮೂರು ಬಾರಿ ಪುನರಾವರ್ತನೆಯಾಗಿ 404040 ಎಂದು ಮೂಡುತ್ತದೆ. ಗಣಕವು ಯಾವ ದೋಷವನ್ನೂ ತೋರಿಸುವುದಿಲ್ಲ. ‘ಸಿ’ ಭಾಷೆಯಲ್ಲಾದರೆ ಅಕ್ಷರಗಳ ಸಾಲನ್ನು ಸಂಖ್ಯೆಯಿಂದ ಗುಣಿಸುವ ಆದೇಶವನ್ನು ಕಂಪೈಲರ್ ಮೊದಲೇ ತಿರಸ್ಕರಿಸುತ್ತದೆ.

ಎಲ್ಲ ಡೈನಾಮಿಕ್ ಭಾಷೆಗಳ ಸ್ವಭಾವವೂ ಒಂದೇ ಅಲ್ಲ. ಅಕ್ಷರರೂಪದ 40ಕ್ಕೆ 3ನ್ನು ಕೂಡಿಸಲು ಹೇಳಿದರೆ ಪೈಥಾನ್ ಮತ್ತು ರೂಬಿ ದೋಷವನ್ನು ಸೂಚಿಸಿ ನಿಲ್ಲುತ್ತವೆ. ಜಾವಾಸ್ಕ್ರಿಪ್ಟ್ ಮೌನವಾಗಿ ಎರಡನ್ನೂ ಜೋಡಿಸಿ 403 ಎನ್ನುತ್ತದೆ. ಪಿ.ಎಚ್.ಪಿ. 43 ಎಂಬ ಉತ್ತರ ನೀಡುತ್ತದೆ. ಭಾಷೆ ಸುಲಭವಾದಷ್ಟೂ ಪರೀಕ್ಷಿಸುವ ಹೊಣೆ ಬರೆಯುವವರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಯ್ಕೆ ಹೇಗೆ?

ಕಲಿತ ಭಾಷೆಯಿಂದ ಮಾಡಬೇಕಾದ ಕೆಲಸವೇ ಆಯ್ಕೆಗೆ ಮೊದಲ ಆಧಾರ. ಜಾಲಪುಟಗಳಲ್ಲಿ ಆಸಕ್ತಿಯುಳ್ಳವರಿಗೆ ಜಾವಾಸ್ಕ್ರಿಪ್ಟ್ ಅನಿವಾರ್ಯ. ಲೆಕ್ಕಪತ್ರ, ದತ್ತಾಂಶ ವಿಶ್ಲೇಷಣೆ, ವಿಜ್ಞಾನದ ಗಣನೆಗಳಿಗೆ ಪೈಥಾನ್ ಸೂಕ್ತ. ಎರಡನೆಯ ಆಧಾರ, ಕಲಿಯಲು ದೊರೆಯುವ ನೆರವು. ಎನ್.ಸಿ.ಇ.ಆರ್.ಟಿ.ಯ 11 ಮತ್ತು 12ನೆಯ ತರಗತಿಗಳ ಗಣಕ ವಿಜ್ಞಾನದ ಪಠ್ಯಗಳು ಪೈಥಾನ್ ಅನ್ನು ಆಧರಿಸಿವೆ. ಮೂರನೆಯದು ವೆಚ್ಚ. ಮೇಲೆ ಹೇಳಿದ ಭಾಷೆಗಳನ್ನೆಲ್ಲ ಬಳಸಲು ಅಗತ್ಯವಾದ ತಂತ್ರಾಂಶಗಳು ಉಚಿತವಾಗಿ ಲಭ್ಯವಿವೆ.

ಪುಸ್ತಕ ಕೊಳ್ಳುವಾಗಲೂ ಜಾಗರೂಕತೆ ಅಗತ್ಯ. ಪೈಥಾನ್‌ನ ಎರಡನೆಯ ಆವೃತ್ತಿಗೆ ದೊರೆಯುತ್ತಿದ್ದ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ಫ್ಲೋರಾ ಫೌಂಟನ್ ಬಳಿಯ ಕಾಲುದಾರಿಯಲ್ಲಿ ಅಗ್ಗಕ್ಕೆ ದೊರೆತ ಹಳೆಯ ಪುಸ್ತಕವು ಮೂರನೆಯ ಆವೃತ್ತಿಯನ್ನು ಕುರಿತದ್ದೇ ಎಂಬುದನ್ನು ನೋಡಿಕೊಳ್ಳಬೇಕು.

ಇಂಗ್ಲಿಷಿನ ಅಡ್ಡಿ

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಅಂಜಿ ಹಿಂಜರಿಯುವುದುಂಟು. ವಾಸ್ತವವಾಗಿ ಪೈಥಾನ್‌ನ ಮೀಸಲು ಪದಗಳು ಸುಮಾರು 35 ಮಾತ್ರ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ‘ಬೆಲೆ’, ‘ಮೊತ್ತ’ ಮುಂತಾದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಬಹುದು. ನಿಜವಾದ ಅಡ್ಡಿ ಇರುವುದು ಪಾಠಗಳ ಭಾಷೆಯಲ್ಲಿ.

ಇದರ ನಿವಾರಣೆಗೆ ಮುಂಬಯಿಯ ಉಪನಗರವಾದ ಪೊವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ನೆರವಾಗಿದೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಈ ಯೋಜನೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಣ ಅಭಿಯಾನವೊಂದರ ನೆರವು ದೊರೆತಿದೆ. ಪ್ರತಿ ಪಾಠ ಸುಮಾರು ಹತ್ತು ನಿಮಿಷದ್ದು. ತೆರೆಯ ಮೇಲಿನ ಆದೇಶಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ; ವಿವರಣೆಯ ಧ್ವನಿ ಮಾತ್ರ ಭಾರತೀಯ ಭಾಷೆಗಳಿಗೆ ಬದಲಾಗುತ್ತದೆ. ಹಲವು ಪಾಠಗಳು ಕನ್ನಡದಲ್ಲಿಯೂ ಇವೆ. ವಿಷಯವು ತಾಯ್ನುಡಿಯಲ್ಲಿ ಮನದಟ್ಟಾಗುತ್ತದೆ, ಉದ್ಯೋಗಕ್ಕೆ ಬೇಕಾದ ಇಂಗ್ಲಿಷ್ ಪದಗಳೂ ಕಣ್ಣಿಗೆ ಪರಿಚಿತವಾಗುತ್ತವೆ. ಅದೇ ಸಂಸ್ಥೆಯ ‘ಫಾಸಿ’ ಯೋಜನೆಯು ಶಿಕ್ಷಣದಲ್ಲಿ ಪೈಥಾನ್ ಮೊದಲಾದ ಮುಕ್ತ ತಂತ್ರಾಂಶಗಳ ಬಳಕೆಯನ್ನು ಪ್ರೋತ್ಸಾಹಿಸುತ್ತಿದೆ.

ಕಲಿಯುವ ಕ್ರಮ

ಪಾಠವನ್ನು ಕೇವಲ ನೋಡಿದರೆ ಸಾಲದು. ಅರ್ಧ ತೆರೆಯಲ್ಲಿ ಪಾಠ, ಉಳಿದರ್ಧದಲ್ಲಿ ಅಭ್ಯಾಸ ಎಂಬಂತೆ ಪ್ರತಿ ಹೆಜ್ಜೆಗೂ ನಿಲ್ಲಿಸಿ ತಾನೇ ಮಾಡಿ ನೋಡಬೇಕು. ಕ್ರಮವಿಧಿಯನ್ನು ನಡೆಸುವ ಮೊದಲು ಬರಬೇಕಾದ ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 120 ಎಂದು ಬರೆದಿಟ್ಟವರಿಗೆ 404040 ಕಂಡೊಡನೆ ತಪ್ಪು ತಿಳಿಯುತ್ತದೆ. ಅಕ್ಷರರೂಪದ ಬೆಲೆಯನ್ನು ‘ಇಂಟ್’ ಆದೇಶದಿಂದ ಸಂಖ್ಯೆಯಾಗಿ ಪರಿವರ್ತಿಸಿದರೆ ಆ ತಪ್ಪು ಸರಿಹೋಗುತ್ತದೆ. ಸೊನ್ನೆಯನ್ನು ಕೊಟ್ಟಾಗ, ಏನನ್ನೂ ಕೊಡದಿದ್ದಾಗ, ಸಂಖ್ಯೆಯ ಬದಲು ಹೆಸರನ್ನು ಕೊಟ್ಟಾಗ ಏನಾಗುತ್ತದೆಂಬುದನ್ನೂ ಪರೀಕ್ಷಿಸಬೇಕು. ಪೈಥಾನ್ ದೋಷವನ್ನು ಸೂಚಿಸಿ ನಿಂತಾಗ ಆ ಸೂಚನೆಯ ಕೊನೆಯ ಸಾಲನ್ನು ಮೊದಲು ಓದಬೇಕು. ದೋಷದ ಬಗೆ ಯಾವುದೆಂಬುದು ಅಲ್ಲಿರುತ್ತದೆ. ಒಂದು ಭಾಷೆ ಕೈಗೆ ಹತ್ತುವ ಮೊದಲೇ ಇನ್ನೊಂದಕ್ಕೆ ಹಾರುವುದು ಹಿತವಲ್ಲ.

ಹಗಲೆಲ್ಲ ಹೋಟೆಲು, ಕಾರ್ಖಾನೆಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರ ಪರಂಪರೆ ಮುಂಬಯಿಗೆ ಹೊಸದಲ್ಲ. ದುಡಿಮೆ ಮುಗಿಸಿ ಮನೆಗೆ ಮರಳಿದವರು ದಿನಕ್ಕೊಂದು ಪಾಠದಂತೆ ಕಲಿತು, ತಮ್ಮದೇ ಲೆಕ್ಕವನ್ನು ಗಣಕದಿಂದ ಮಾಡಿಸಿ, ಬಂದ ಉತ್ತರ ಸರಿಯೇ ಎಂದು ತಾವೇ ಪರೀಕ್ಷಿಸಬಲ್ಲವರಾದರೆ ಆಯ್ದ ಭಾಷೆಯ ಕಲಿಕೆ ಸಾರ್ಥಕವಾದಂತೆ.