ಕಾಲ್ಗುಣವೋ, ಕಾಲದ ಗುಣವೋ?

ಮನೆತನದ ಕಥೆಗಳಲ್ಲಿ ತಿಥಿಗಳುಂಟು, ಇಸವಿಗಳಿಲ್ಲ. ಮುತ್ತಜ್ಜ ತೀರಿಕೊಂಡದ್ದು ಯಾವ ಮಾಸ, ಯಾವ ಪಕ್ಷ, ಯಾವ ತಿಥಿ ಎಂಬುದನ್ನು ವರ್ಷವರ್ಷವೂ ಶ್ರಾದ್ಧ ನಡೆಸುವ ಮನೆಯವರು ತಡವರಿಸದೆ ಹೇಳಬಲ್ಲರು. ಅದು ಯಾವ ವರ್ಷವೆಂದು ಕೇಳಿದರೆ ಮಾತ್ರ, “ಬಹಳ ಹಿಂದೆ” ಎಂಬುದೇ ಉತ್ತರ. ಇಸವಿ ಮರೆತುಹೋದಾಗ ಹಿರಿಯರ ಬಾಳು ನಾಡಿನ ಚರಿತ್ರೆಯಿಂದ ಕಳಚಿಕೊಳ್ಳುತ್ತದೆ. ಊರಿಗೆಲ್ಲ ಬಂದ ಕಷ್ಟವೂ ಮನೆಯೊಳಗಿನ ಯಾರದೋ ಪಾಪದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಳೆಯ ಮೈಸೂರು ಸೀಮೆಯ ಒಂದು ಮನೆಯನ್ನು ಉದಾಹರಣೆಗೆಂದು ಭಾವಿಸಿಕೊಳ್ಳಬಹುದು. ಹೆಸರು, ಊರು ಬೇಡ. ಇಂಥ ಮನೆಗಳು ಹಲವಿದ್ದಾವು. ಆ ಮನೆಯಲ್ಲಿ ಆಶ್ವಯುಜ ಮಾಸ ಬಂದಿತೆಂದರೆ ಹನ್ನೆರಡು ದಿನಗಳೊಳಗೆ ಮೂರು ಶ್ರಾದ್ಧಗಳು: ಹಿರಿಯ ಮಗನದು, ಅವನ ಹೆಂಡತಿಯದು, ಎರಡನೆಯ ಮಗನದು. ಮೂವರೂ ಒಂದೇ ವರ್ಷ, ಹಬ್ಬದ ದಿನಗಳಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಹೋದವರು. ಕಿರಿಯ ಸೊಸೆ ಮನೆ ತುಂಬಿ ಆಗ ಎರಡು ತಿಂಗಳೂ ಕಳೆದಿರಲಿಲ್ಲ. “ಇವಳ ಕಾಲ್ಗುಣ” ಎಂದಿತು ಮನೆ, ಹೌದೆಂದಿತು ಊರು. ಎಪ್ಪತ್ತು ದಾಟಿದ ಮಾವನವರು ಉಳಿದು, ಬೆಳೆದು ನಿಂತ ಗಂಡುಮಕ್ಕಳು ಹೋದರಲ್ಲ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದರು. ಆ ಹುಡುಗಿ ಮುಂದೆ ತಾಯಿಯಾದಳು, ಅಜ್ಜಿಯಾದಳು. ಆದರೆ ಶುಭಕಾರ್ಯದಲ್ಲಿ ಆರತಿಗೆಂದು ಅವಳನ್ನು ಯಾರೂ ಮುಂದಕ್ಕೆ ಕರೆಯಲಿಲ್ಲ. ಅವಳೂ ಕಂಬದ ಮರೆಯಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡಳು.

ಅವಳ ಮರಿಮಗಳೊಬ್ಬಳು ಹಳೆಯ ಪೆಟ್ಟಿಗೆಯನ್ನು ತೆರೆದಾಗ ಮದುವೆಯ ಲಗ್ನಪತ್ರಿಕೆ ದೊರೆಯಿತೆನ್ನೋಣ. ಅದರಲ್ಲಿ ಇಸವಿಯಿಲ್ಲ, “ಕಾಳಯುಕ್ತಿ ನಾಮ ಸಂವತ್ಸರದ ವೈಶಾಖ ಮಾಸ” ಎಂದಿದೆ. ಪ್ರಭವಾದಿ ಅರವತ್ತು ಸಂವತ್ಸರಗಳಲ್ಲಿ ಕಾಳಯುಕ್ತಿ ಐವತ್ತೆರಡನೆಯದು. ಅರವತ್ತು ವರ್ಷಕ್ಕೊಮ್ಮೆ ಬರುವ ಈ ಹೆಸರು 1858ರಲ್ಲಿ, 1918ರಲ್ಲಿ, 1978ರಲ್ಲಿ ಬಂದಿತು. ಮೂರರಲ್ಲಿ ಯಾವುದೆಂಬುದನ್ನು ಬೇರೆ ಸಾಕ್ಷ್ಯದಿಂದ ತೀರ್ಮಾನಿಸಬೇಕು. ಶಾಸನಗಳ ಕಾಲವನ್ನು ನಿರ್ಣಯಿಸುವ ವಿದ್ವಾಂಸರು ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಒಂದಕ್ಕೊಂದು ತಾಳೆ ನೋಡುವುದೂ ಇದೇ ಬಗೆಯಲ್ಲಿ. ಇಲ್ಲಿ ದಂಪತಿಗಳ ಮೊದಲ ಮಗು ಹುಟ್ಟಿದ್ದು 1922ರಲ್ಲಿ ಎಂಬುದು ಶಾಲೆಯ ದಾಖಲೆಯಿಂದ ತಿಳಿದರೆ ಸಂಶಯಕ್ಕೆ ಎಡೆಯಿಲ್ಲ. ಇದು 1918, ಎಂದರೆ ಶಕವರ್ಷ 1840. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಸಂವತ್ಸರ ಯುಗಾದಿಗೆ ಮೊದಲಾಗುವುದರಿಂದ, ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಆ ಆಶ್ವಯುಜ ಮಾಸವೆಂದರೆ 1918ರ ಅಕ್ಟೋಬರ್. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅದು ಮುಗಿದದ್ದು ನವೆಂಬರ್ 11ರಂದು. ದೇಶದ ಬಹುಭಾಗದಲ್ಲಿ ಆ ವರ್ಷ ಮಳೆ ಕೈಕೊಟ್ಟಿತ್ತು; ಧಾನ್ಯದ ಬೆಲೆ ಏರಿತ್ತು. ಅದೇ ಹೊತ್ತಿಗೆ ಇನ್‌ಫ್ಲುಯೆಂಜ ಜ್ವರದ ಎರಡನೆಯ ಅಲೆ ಮುಂಬಯಿಯಲ್ಲಿ ಎದ್ದು, ರೈಲುಹಾದಿಗಳನ್ನು ಹಿಡಿದು ಒಳನಾಡಿಗೆ ಹರಿಯಿತು. ಮೈಸೂರು ಸಂಸ್ಥಾನವೂ ಅದರಿಂದ ಪಾರಾಗಲಿಲ್ಲ. ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನ ಆ ಜ್ವರಕ್ಕೆ ಬಲಿಯಾದರು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರದೆ ತುಸು ಇಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಾಗಾದದ್ದು ಆ ಒಂದೇ ದಶಕದಲ್ಲಿ.

ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಸಾಮಾನ್ಯವಾಗಿ ಇಂಥ ಜ್ವರ ಹಸುಳೆಗಳಿಗೂ ಮುದುಕರಿಗೂ ಹೆಚ್ಚು ಅಪಾಯಕರ. 1918ರ ಜ್ವರ ಮಾತ್ರ ಇಪ್ಪತ್ತರಿಂದ ನಲವತ್ತು ವಯಸ್ಸಿನ ಗಟ್ಟಿಮುಟ್ಟಾದವರನ್ನೇ ವಿಶೇಷವಾಗಿ ಕೊಂಡೊಯ್ದಿತು. ಮಾವನವರು ಉಳಿದು ಮಕ್ಕಳು ಹೋದದ್ದು ಆ ಮನೆಯವರ ಕಣ್ಣಿಗೆ ಶಾಪವಾಗಿ ಕಂಡಿತ್ತು. ವೈದ್ಯರ ಕಣ್ಣಿಗೆ ಅದು ಆ ರೋಗದ ಗುರುತು.

ಮೂವರೂ ಆ ಜ್ವರದಿಂದಲೇ ತೀರಿಕೊಂಡರೆಂದು ಲಗ್ನಪತ್ರಿಕೆ ಹೇಳುವುದಿಲ್ಲ, ನಿಜ. ಚರಿತ್ರೆಯ ಪಕ್ಕದಲ್ಲಿಟ್ಟ ಮಾತ್ರಕ್ಕೆ ಊಹೆ ಪ್ರಮಾಣವಾಗದು. ಆದರೆ ಮನೆಯ ಹಿರಿಯ ಅತ್ತೆಯೊಬ್ಬರು ತಮ್ಮ ತಾಯಿಯಿಂದ ಕೇಳಿದ “ಮೂರು ದಿನದ ಜ್ವರ, ಕೆಮ್ಮು, ಆಮೇಲೆ ಉಸಿರು ನಿಂತಿತು” ಎಂಬ ಮಾತು, ಪುರಸಭೆಯ ಹಳೆಯ ಮರಣ ದಾಖಲೆ, ಅದೇ ಬೀದಿಯ ಬೇರೆ ಮನೆಗಳ ಶ್ರಾದ್ಧದ ತಿಥಿಗಳು, ಇವೆಲ್ಲ ಒಂದೇ ಕಡೆಗೆ ಬೆರಳು ತೋರಿಸಿದರೆ, ಹೊಸದಾಗಿ ಮನೆ ತುಂಬಿದ ಹುಡುಗಿಯ ಮೇಲಿನ ಅಪವಾದ ನಿಲ್ಲಲಾರದು.

ಇದೇ ರೀತಿಯಲ್ಲಿ ಬೇರೆ ಮನೆಗಳ ಒಗಟುಗಳೂ ಬಿಡಿಸಿಕೊಳ್ಳಬಹುದು. ಯಾವನೋ ಪೂರ್ವಜ “ಬುದ್ಧಿಯಿಲ್ಲದೆ” ಹೊಲವನ್ನು ಮೂರು ಕಾಸಿಗೆ ಮಾರಿದ್ದನೇ? ಕ್ರಯಪತ್ರದಲ್ಲಿ ಧಾತು ಅಥವಾ ಈಶ್ವರ ಸಂವತ್ಸರವಿದ್ದು, ಕಾಲ ಹತ್ತೊಂಬತ್ತನೆಯ ಶತಮಾನದ್ದಾದರೆ ಅದು 1876–78ರ ಮಹಾಕ್ಷಾಮ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗಿತ್ತು. ಇನ್ನೊಬ್ಬರು ವಿಳಂಬಿ ಸಂವತ್ಸರದಲ್ಲಿ ಬೆಂಗಳೂರು ಪೇಟೆಯ ಮನೆಗೆ ಬೀಗ ಹಾಕಿ ಹೊರಟುಹೋದರೇ? ಆ ಊರಿಗೆ ಪ್ಲೇಗು ಬಂದದ್ದು 1898ರಲ್ಲಿ.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಜಾತಕ, ಲಗ್ನಪತ್ರಿಕೆ, ಕ್ರಯಪತ್ರಗಳು, ಜೊತೆಗೆ ಮನೆಯ ವೃದ್ಧರ ನೆನಪು ಸಾಕು. ಒಂದು ಹಾಳೆಯ ಎಡಭಾಗದಲ್ಲಿ ಹಿರಿಯರ ಹುಟ್ಟು, ಮದುವೆ, ವಲಸೆ, ಸಾವುಗಳನ್ನೂ ಬಲಭಾಗದಲ್ಲಿ ಆಯಾ ವರ್ಷ ನಾಡಿನಲ್ಲಿ ನಡೆದುದನ್ನೂ ಬರೆಯುತ್ತ ಹೋದರಾಯಿತು. ಕೇಳಬೇಕಾದ ವೃದ್ಧರು ಇರುವಾಗಲೇ ಇದನ್ನು ಮಾಡಬೇಕು.

ಕಂಬದ ಮರೆಯಲ್ಲಿ ನಿಂತ ಅಜ್ಜಿಗೆ ಇದರಿಂದ ಇನ್ನು ಯಾವ ಲಾಭವೂ ಇಲ್ಲ. ಆದರೆ ಅವಳ ಕಥೆಯನ್ನು ಮಕ್ಕಳಿಗೆ ಹೇಳುವಾಗ “ಕಾಲ್ಗುಣ” ಎಂಬ ಮಾತನ್ನು ಬಿಟ್ಟು, “ಅದು 1918” ಎಂದು ಹೇಳುವುದು ಆ ಮನೆ ಅವಳಿಗೆ ತೀರಿಸಬೇಕಾದ ಋಣ.